ಯಥಾಶಕ್ತಿ

ಪೂಜೆಗೆ ಕುಳಿತು ಸಂಕಲ್ಪ ಮಾಡುವಾಗ ‘ಯಥಾಶಕ್ತಿ’ ಎಂಬ ಪದವನ್ನು ಉಚ್ಚರಿಸುತ್ತೇವೆ. ನಿತ್ಯದ ಅಭ್ಯಾಸದಿಂದಾಗಿ ಅದರ ಅರ್ಥದ ಕಡೆಗೆ ನಮ್ಮ ಲಕ್ಷ್ಯ ಹೋಗುವುದು ವಿರಳ. ವರ್ಷದಿಂದ ವರ್ಷಕ್ಕೆ ಬಲ ಕುಗ್ಗುವ ದೇಹದೊಡನೆ ಬೆಳೆಯುವ ಬಾಲಕನಿಗಾದರೋ ಆ ಪದವೇ ಊರುಗೋಲು.

ಡುಷೇನ್ ಎಂಬ ಸ್ನಾಯುಕ್ಷಯ ರೋಗವು ಪ್ರಾಯಶಃ ಗಂಡುಮಕ್ಕಳಲ್ಲಿಯೇ ಕಾಣುತ್ತದೆ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಅಭಾವವೇ ಇದಕ್ಕೆ ಕಾರಣವೆಂದು 1987ರಲ್ಲಿ ತಿಳಿದುಬಂತು. ಸುಮಾರು 5ನೆಯ ವರ್ಷದ ಹೊತ್ತಿಗೆ ಮಗುವು ತೊಡೆಗಳ ಮೇಲೆ ಕೈಯೂರಿ ಏಳತೊಡಗುತ್ತದೆ. 12ರ ಸುಮಾರಿಗೆ ಅನೇಕರಿಗೆ ಗಾಲಿಕುರ್ಚಿ ಬೇಕಾಗುತ್ತದೆ.

ಇಂಥ ಮನೆಗೆ ಹೋದವರು ‘ಯಾವ ಜನ್ಮದ ಪಾಪವೋ’ ಎಂದು ತಾಯಿಯ ಎದುರಿನಲ್ಲೇ ಆಡುವುದುಂಟು. ಪ್ರಾರಬ್ಧವುಂಟೆಂದು ಶಾಸ್ತ್ರವು ಹೇಳುತ್ತದೆ, ನಿಜ; ಪರರ ಪ್ರಾರಬ್ಧವನ್ನು ನಿರ್ಣಯಿಸುವ ಅಧಿಕಾರವನ್ನು ನಮಗೆ ಕೊಟ್ಟಿಲ್ಲ. ಈ ರೋಗವಿರುವ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರಿಗೆ ಅದು ತಾಯಿಯಿಂದ ಬಂದುದೂ ಅಲ್ಲ. ಬಂದಿದ್ದರೂ ಅದು ಆಕೆಯ ಅಪರಾಧವಲ್ಲ.

ಹಾಗಾದರೆ ಆ ಬಾಲಕನಿಗೆ ಧೈರ್ಯವೆಂದರೇನು? ಹಠದಿಂದ ದೇಹವನ್ನು ದಂಡಿಸುವುದಲ್ಲ. ಅತಿಶ್ರಮವು ಆ ಸ್ನಾಯುಗಳಿಗೆ ಹಾನಿಕರ. ಇಂದಿನ ಶಕ್ತಿಯೆಷ್ಟೆಂದು ಅರಿತು, ಅಷ್ಟನ್ನೂ ಭಗವಂತನಿಗೆ ಅರ್ಪಿಸುವುದೇ ಧೈರ್ಯ. ಸಾಷ್ಟಾಂಗ ನಮಸ್ಕಾರ ಮಾಡುತ್ತಿದ್ದವನು ಮುಂದೆ ಕುಳಿತು ಕೈಮುಗಿಯುತ್ತಾನೆ; ಕೈಗಳೂ ಸೋತಾಗ ಜಪದಲ್ಲಿ ನಿಲ್ಲುತ್ತಾನೆ; ಮಾನಸಪೂಜೆಗೆ ತೋಳ್ಬಲ ಬೇಡ. ಒಂದೊಂದನ್ನು ಬಿಡುವಾಗಲೂ ದುಃಖವಾಗದಿರದು. ಅತ್ತು, ಕಣ್ಣೊರಸಿಕೊಂಡು, ಮರುದಿನ ಮತ್ತೆ ‘ಯಥಾಶಕ್ತಿ’ ಎಂದು ಸಂಕಲ್ಪಿಸುವವನು ಸೋತವನಲ್ಲ.

ಅನ್ಯರ ನೆರವು ಕೇಳಲು ಅವನು ನಾಚಬೇಕಾಗಿಯೂ ಇಲ್ಲ. ಸ್ವತಂತ್ರನು ಶ್ರೀಹರಿಯೊಬ್ಬನೇ, ನಡೆದಾಡುವ ನಾವೂ ಪರತಂತ್ರರೇ. ಅಹೋರಾತ್ರಿ 21,600 ಹಂಸಮಂತ್ರ ಜಪವನ್ನು ನಮ್ಮೊಳಗಿದ್ದು ನಡೆಸುವ ಮುಖ್ಯಪ್ರಾಣದೇವರು ಓಡುವ ಬಾಲಕನಲ್ಲಿರುವಂತೆಯೇ ಕುಳಿತ ಬಾಲಕನಲ್ಲಿಯೂ ಇದ್ದಾರೆ.

ಸಂಕಲ್ಪದ ಆ ಮಾತು ನಮಗೂ ಅನ್ವಯಿಸುತ್ತದೆ. ದೇವಾಲಯದ ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ದಾರಿ ಮಾಡಿಸುವುದು, ತೀರ್ಥಪ್ರಸಾದವನ್ನು ಅವನಿದ್ದಲ್ಲಿಗೆ ಒಯ್ಯುವುದು, ಸ್ತೋತ್ರಪಾಠಕ್ಕೆ ಅವನನ್ನೂ ಕೂಡಿಸಿಕೊಳ್ಳುವುದು ನಮ್ಮ ಶಕ್ತಿಗೆ ಮೀರಿದ್ದೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಸ್ನಾಯುಕ್ಷಯವೂ ಸೇರಿದೆ. ಅದರಿಂದ ದೊರೆಯುವ ಸೌಲಭ್ಯಗಳಿಗೆ ಬೇಕಾದ ಪ್ರಮಾಣಪತ್ರಕ್ಕಾಗಿ ಆ ತಂದೆತಾಯಿಗಳೊಡನೆ ಕಚೇರಿಗೆ ಹೋಗಿಬರುವುದೂ ಭಗವತ್ಸೇವೆಯೇ. ಮಾಡಬಲ್ಲವರು ಮಾಡದಿದ್ದರೆ, ನಮ್ಮ ಬಾಯಲ್ಲಿ ಆ ಸಂಕಲ್ಪವು ಬರಿಯ ಶಬ್ದವಾಗಿ ಉಳಿದೀತು.

ಶ್ರೀಕೃಷ್ಣಾರ್ಪಣಮಸ್ತು.