ಒರೆಸಲಾಗದ ಸ್ಲೇಟು

ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ವಿದ್ಯಾರ್ಥಿಯೊಬ್ಬ ವಿಡಿಯೊ ಪಾಠ ನೋಡಿ ಮುಗಿಸಿದಾಗ ಅಲ್ಲಿ ಉಳಿಯುವುದು ‘ಪಾಠ ಮುಗಿಯಿತು’ ಎಂಬ ಗುರುತು ಮಾತ್ರವಲ್ಲ. ವಿಡಿಯೊ ಯಾವ ನಿಮಿಷದಲ್ಲಿ ನಿಂತಿತು, ಯಾವ ಭಾಗವನ್ನು ಹಿಂದಕ್ಕೆಳೆದು ಮತ್ತೆ ನೋಡಲಾಯಿತು, ಪ್ರಶ್ನೆಗೆ ಮೊದಲು ಒತ್ತಿದ ಉತ್ತರ ಯಾವುದು, ಅದನ್ನು ಬದಲಿಸಲು ಎಷ್ಟು ಸೆಕೆಂಡು ಹಿಡಿಯಿತು, ಕೈಯಲ್ಲಿದ್ದ ಫೋನು ಎಂಥದು, ಆಗ ಹೊತ್ತೆಷ್ಟು ಎಂಬುದೆಲ್ಲ ದಾಖಲಾಗಬಲ್ಲದು. 2013ರಲ್ಲಿ ಬಂದ ಎಕ್ಸ್‌ಎಪಿಐ ಎಂಬ ತಾಂತ್ರಿಕ ಮಾನದಂಡದಲ್ಲಿ ಇಂಥ ಪ್ರತಿ ದಾಖಲೆಯೂ ಒಂದು ವಾಕ್ಯದ ರೂಪದಲ್ಲಿರುತ್ತದೆ: ಯಾರು, ಯಾವುದನ್ನು, ಏನು ಮಾಡಿದರು. ಶಾಲೆಯ ವ್ಯಾಕರಣದ ಮಾತಿನಲ್ಲಿ ಹೇಳಿದರೆ ಕರ್ತೃ, ಕರ್ಮ, ಕ್ರಿಯೆ. ಮಗುವಿನ ಕಲಿಕೆಯ ವರ್ಷವೊಂದು ಹೀಗೆ ಪುಟ್ಟ ಪುಟ್ಟ ವಾಕ್ಯಗಳಾಗಿ ಬೇರೆ ಯಾರದೋ ಕಡತ ಸೇರುತ್ತದೆ.

ಇದರಲ್ಲಿ ಒಂದಷ್ಟು ಭಾಗ ಅನಿವಾರ್ಯ. ವೆಬ್‌ಗೆ ತನ್ನದೇ ನೆನಪಿಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋದವರು ಸರ್ವರ್‌ನ ಪಾಲಿಗೆ ಪ್ರತಿ ಸಲವೂ ಹೊಸಬರು. ಈ ಮರೆವಿಗೆ ಪರಿಹಾರವಾಗಿ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ‘ಕುಕಿ’ಯನ್ನು ರೂಪಿಸಿದರು. ಬ್ರೌಸರ್‌ನಲ್ಲಿ ಇಟ್ಟುಹೋಗುವ ಸಣ್ಣ ಚೀಟಿ ಅದು. ಲಾಗಿನ್ ಆದವರು ಅವರೇ ಎಂದು ಗುರುತಿಸಲು, ನಿನ್ನೆ ಬಿಟ್ಟ ಪಾಠವನ್ನು ಇಂದು ಅಲ್ಲಿಂದಲೇ ಮುಂದುವರಿಸಲು ಅದು ಬೇಕೇ ಬೇಕು. ಆದರೆ ಅದೇ ಪುಟದಲ್ಲಿ ಬೇರೆ ಕಂಪನಿಗಳ ಕುಕಿಗಳೂ ಇರಬಹುದು. ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದು ತೆರೆದುಕೊಳ್ಳುವ ನೆಪದಲ್ಲಿ, ಈ ಪುಟಕ್ಕೆ ಇಂಥವರು ಬಂದರು ಎಂದು ಜಾಹೀರಾತು ಸಂಸ್ಥೆಗೆ ತಿಳಿಸುವ ಪಿಕ್ಸೆಲ್‌ಗಳಿರಬಹುದು. ಮೊಬೈಲ್ ಆ್ಯಪ್‌ಗಳೊಳಗೆ ಇದೇ ಕೆಲಸವನ್ನು ಹೊರಗಿನವರು ಬರೆದುಕೊಟ್ಟ ಸಿದ್ಧ ಕೋಡ್ ಮಾಡುತ್ತದೆ. ಕುಕಿಯನ್ನು ಅಳಿಸಿದರೂ ಪರದೆಯ ಅಳತೆ, ಫಾಂಟುಗಳು, ಸಾಧನದ ಬಗೆ ಇವುಗಳನ್ನೆಲ್ಲ ಕೂಡಿಸಿ ಬೆರಳಚ್ಚಿನಂತೆ ಗುರುತು ಹಿಡಿಯುವ ವಿಧಾನವೂ ಇದೆ. ಪಾಠ ಕೇಳಲು ಕೂತವರ ಜಾಡು ಪಾಠಕ್ಕೆ ಸಂಬಂಧವೇ ಇಲ್ಲದವರ ಕೈಗೆ ಹೋಗುವುದು ಈ ದಾರಿಗಳಲ್ಲಿ.

ಕೋವಿಡ್ ಕಾಲದಲ್ಲಿ ಶಾಲೆಗಳೇ ಪರದೆಯೊಳಗೆ ಬಂದಾಗ ಇದರ ವ್ಯಾಪ್ತಿ ತಿಳಿಯಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಕಲಿಕಾ ಆ್ಯಪ್ ಮತ್ತು ತಾಣಗಳನ್ನು ಪರೀಕ್ಷಿಸಿತ್ತು. ಅವುಗಳಲ್ಲಿ ಶೇ 89ರಷ್ಟು ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವಂತೆ ಅಥವಾ ತರಬಹುದಾದಂತೆ ಮಾಹಿತಿಯನ್ನು ಬಳಸುತ್ತಿದ್ದವು ಎಂಬುದು ವರದಿಯ ತೀರ್ಮಾನ. ಭಾರತದ ‘ದೀಕ್ಷಾ’ ಕೂಡ ಪರೀಕ್ಷೆಗೆ ಒಳಗಾದ ವೇದಿಕೆಗಳಲ್ಲಿ ಒಂದು. ಮರುವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿ ಜಾಹೀರಾತಿಗೆ ಬಳಸಿದ ಆರೋಪದ ಮೇಲೆ ಎಡ್ಮೋಡೊ ಎಂಬ ವೇದಿಕೆಯ ವಿರುದ್ಧ 60 ಲಕ್ಷ ಡಾಲರ್ ದಂಡದ ಕ್ರಮ ಕೈಗೊಂಡಿತು. ಚಟುವಟಿಕೆಯಲ್ಲಿ ಪಾಲ್ಗೊಳ್ಳಲು ಬೇಕಾದುದಕ್ಕಿಂತ ಹೆಚ್ಚಿನ ಮಾಹಿತಿಯನ್ನು ಮಕ್ಕಳಿಂದ ಕೇಳಕೂಡದು ಎಂಬುದೂ ಆ ಆದೇಶದಲ್ಲಿತ್ತು. ದಂಡದ ಮೊತ್ತಕ್ಕಿಂತ ಈ ಷರತ್ತು ಮುಖ್ಯವಾದುದು.

ಕಳ್ಳತನ, ಸೋರಿಕೆ, ಜಾಹೀರಾತು ಇವು ತಪ್ಪು ಎನ್ನುವುದಕ್ಕೆ ಹೆಚ್ಚಿನ ಜಿಜ್ಞಾಸೆ ಬೇಕಾಗಿಲ್ಲ. ಕಷ್ಟದ ಪ್ರಶ್ನೆ ಬೇರೆ. ಮಾಹಿತಿ ಎಲ್ಲೂ ಸೋರಲಿಲ್ಲ, ಯಾರಿಗೂ ಮಾರಾಟವಾಗಲಿಲ್ಲ, ಕಲಿಯುವವರ ಒಳಿತಿಗೇ ಬಳಕೆಯಾಯಿತು ಎಂದುಕೊಂಡರೂ, ಕಲಿಯುವವರನ್ನು ಸದಾ ನೋಡುತ್ತಿರುವುದು ಸರಿಯೇ? ಮೇಷ್ಟ್ರು ಮಕ್ಕಳನ್ನು ನೋಡುತ್ತಲೇ ಇರುತ್ತಾರಲ್ಲ, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಮೇಷ್ಟ್ರ ನೋಟಕ್ಕೆ ಕೆಲವು ಎಲ್ಲೆಗಳಿವೆ, ಅವನ್ನು ಯಾರೂ ಬರೆದಿಟ್ಟದ್ದಲ್ಲ. ಅವರು ನೋಡುವುದು ಮಕ್ಕಳಿಗೆ ಗೊತ್ತಾಗುತ್ತದೆ, ಮಕ್ಕಳೂ ಅವರನ್ನು ನೋಡುತ್ತಾರೆ. ಅವರು ಹಲಗೆಯ ಕಡೆ ತಿರುಗಿದಾಗ ನೋಟ ತಪ್ಪುತ್ತದೆ. ಕಂಡದ್ದರಲ್ಲಿ ಬಹುಪಾಲನ್ನು ಅವರು ಮರೆಯುತ್ತಾರೆ. ನೆನಪಿಟ್ಟುಕೊಂಡದ್ದನ್ನು ಪೋಷಕರಿಗೆ ಹೇಳಿಯಾರೇ ಹೊರತು ಅಂಗಡಿಯವರಿಗೆ ಹೇಳುವುದಿಲ್ಲ. ಅಮೆರಿಕದ ಚಿಂತಕಿ ಹೆಲೆನ್ ನಿಸೆನ್‌ಬಾಮ್ 2004ರಿಂದ ಮಂಡಿಸುತ್ತ ಬಂದಿರುವ ವಾದ ಈ ಕೊನೆಯ ಎಲ್ಲೆಯನ್ನು ಕುರಿತದ್ದು. ಖಾಸಗಿತನವೆಂದರೆ ಎಲ್ಲವನ್ನೂ ಮುಚ್ಚಿಡುವುದಲ್ಲ. ಒಂದು ಸಂದರ್ಭದಲ್ಲಿ ಹೇಳಿದ ಮಾತು ಆ ಸಂದರ್ಭಕ್ಕೆ ಒಪ್ಪುವ ಹಾದಿಯಲ್ಲೇ ಹರಿಯಬೇಕು ಎನ್ನುವುದು. ವೈದ್ಯರಿಗೆ ಹೇಳಿದ್ದು ವೈದ್ಯರಲ್ಲಿ, ಗುರುವಿಗೆ ತೋರಿಸಿದ ದೌರ್ಬಲ್ಯ ಗುರುವಿನಲ್ಲಿ. ಆನ್‌ಲೈನ್ ವೇದಿಕೆಯ ನೋಟ ಈ ಎಲ್ಲೆಗಳನ್ನೆಲ್ಲ ಒಂದೇ ಬಾರಿಗೆ ದಾಟುತ್ತದೆ. ಅದು ಕಾಣಿಸುವುದಿಲ್ಲ, ತಿರುಗುವುದಿಲ್ಲ, ತಾನಾಗಿ ಮರೆಯುವುದೂ ಇಲ್ಲ.

ಕಾಣದ ನೋಟದಿಂದ ಶಿಸ್ತು ಬರುತ್ತದೆ ಎಂಬ ಆಸೆ ಹೊಸದಲ್ಲ. ಇಂಗ್ಲೆಂಡಿನ ಜೆರೆಮಿ ಬೆಂಥಮ್ 18ನೇ ಶತಮಾನದ ಕೊನೆಯಲ್ಲಿ ರೂಪಿಸಿದ ‘ಪ್ಯಾನಾಪ್ಟಿಕನ್’ ನಕ್ಷೆ ಸೆರೆಮನೆಯದೆಂದೇ ಪ್ರಸಿದ್ಧ. ನಡುಗೋಪುರದ ಕಾವಲುಗಾರ ನೋಡುತ್ತಿದ್ದಾನೋ ಇಲ್ಲವೋ ತಿಳಿಯದ ಕೈದಿ ಸದಾ ನೋಡಿಸಿಕೊಳ್ಳುತ್ತಿರುವವನಂತೆಯೇ ನಡೆದುಕೊಳ್ಳುತ್ತಾನೆ. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಬೆಂಥಮ್ ಇದೇ ತತ್ತ್ವವನ್ನು ಶಾಲೆಗೂ ಅನ್ವಯಿಸಿದ್ದರು. ‘ಕ್ರೆಸ್ಟೊಮೇಥಿಯ’ ಎಂಬ ಅವರ ಪುಸ್ತಕ ಅಂಥ ಶಾಲೆಯ ಯೋಜನೆ. ಆ ಶಾಲೆ ಕಟ್ಟಲ್ಪಡಲಿಲ್ಲ. 1975ರಲ್ಲಿ ಮಿಶೆಲ್ ಫೂಕೊ ಈ ನಕ್ಷೆಯನ್ನು ಆಧುನಿಕ ಅಧಿಕಾರದ ಮಾದರಿಯಾಗಿ ಓದಿದ ಮೇಲೆ ಅದು ಎಲ್ಲೆಡೆ ಚರ್ಚೆಯ ವಿಷಯವಾಯಿತು.

ಕನ್ನಡ ನಾಡಿನಲ್ಲಿ ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಕೇಳುವ ಕಥೆಯೊಂದು ಮನೆಮನೆಗೂ ಗೊತ್ತು. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ಕಾಣದ ಕಡೆ ತಿಂದು ಬನ್ನಿ ಎನ್ನುತ್ತಾರೆ. ಉಳಿದವರು ಮೂಲೆ ಮರೆಗಳಲ್ಲಿ ತಿಂದು ಬರುತ್ತಾರೆ. ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತರುತ್ತಾರೆ, ದೇವರು ಕಾಣದ ಜಾಗವೇ ಸಿಗಲಿಲ್ಲವೆಂದು. ಎಲ್ಲೆಲ್ಲೂ ನೋಡುವ ಕಣ್ಣೊಂದಿದೆ ಎಂದು ಒಪ್ಪಿದ ಸಮಾಜಕ್ಕೆ ಖಾಸಗಿತನದ ಮಾತು ಪರಕೀಯವಲ್ಲವೇ ಎಂದು ಈ ಕಥೆಯನ್ನು ಮುಂದಿಟ್ಟು ಕೇಳಬಹುದು. ಕಥೆಯನ್ನು ನಿಧಾನವಾಗಿ ಓದಿದರೆ ಉತ್ತರ ಅದರಲ್ಲೇ ಇದೆ. ಗುರುಗಳು ಶಿಷ್ಯರ ಹಿಂದೆ ಯಾರನ್ನೂ ಕಳಿಸಲಿಲ್ಲ. ಹಣ್ಣನ್ನು ಕೈಗಿಟ್ಟು ಅವರನ್ನು ಅವರ ಪಾಡಿಗೆ ಬಿಟ್ಟರು. ಬೇಹುಗಾರನೊಬ್ಬ ಬೆನ್ನ ಹಿಂದಿದ್ದು ಅದು ಕನಕರಿಗೆ ಗೊತ್ತಿದ್ದಿದ್ದರೆ, ಅವರ ಉತ್ತರ ಭಕ್ತಿಯ ಮಾತಾಗದೆ ಜಾಣತನದ ಮಾತಾಗುತ್ತಿತ್ತು. ಗುರುವಿನ ಕಣ್ಣು ಅಲ್ಲಿಲ್ಲದಿದ್ದುದೇ ಶಿಷ್ಯನ ಒಳಗಣ್ಣು ತೆರೆಯಲು ಜಾಗ ಮಾಡಿಕೊಟ್ಟಿತು.

ದೇವರ ನೋಟವೂ ದಾಖಲೆಯ ನೋಟವೂ ಒಂದೇ ಜಾತಿಯವಲ್ಲ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕೂತ ಎರಡು ಹಕ್ಕಿಗಳ ಚಿತ್ರ ಬರುತ್ತದೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಸಾಕ್ಷಿ ಎಂಬ ಮಾತಿಗೆ ಬೆಲೆ ಬಂದಿರುವುದು ನೋಡುವವನಿಗೆ ಫಲದ ಆಸೆಯಿಲ್ಲ ಎಂಬುದರಿಂದ. ವಾಣಿಜ್ಯ ವೇದಿಕೆಯ ವಿಷಯದಲ್ಲಿ ನೋಡುವ ಹಕ್ಕಿಗೇ ಹಣ್ಣು ಬೇಕು, ನೋಡುವುದೇ ಅದಕ್ಕಾಗಿ. ಇದನ್ನು ಬೇಕಾದರೆ ಚಿತ್ರಗುಪ್ತನ ಲೆಕ್ಕಕ್ಕೆ ಹೋಲಿಸಬಹುದು. ಆದರೆ ಚಿತ್ರಗುಪ್ತನ ಪುಸ್ತಕ ಯಮಸಭೆಯಲ್ಲಿ ಒಮ್ಮೆ ತೆರೆಯುತ್ತದೆ, ಸಂತೆಯಲ್ಲಿ ಬಿಕರಿಗೆ ಬರುವುದಿಲ್ಲ.

ಕಲಿಕೆಗೂ ಮರೆವಿಗೂ ಇರುವ ನಂಟು ಈ ಚರ್ಚೆಯ ತಿರುಳು. ಹಿಂದಿನ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಸ್ಲೇಟು ಬಳಪ ಬಂದವು. ಎರಡರಲ್ಲೂ ತಪ್ಪು ಬರೆದದ್ದು ಅಂಗೈಯ ಒಂದು ಉಜ್ಜಿಗೆ ಇಲ್ಲವಾಗುತ್ತಿತ್ತು. ಕಾಗದ ದುಬಾರಿಯಾಗಿದ್ದದ್ದು ಇದಕ್ಕೆ ಕಾರಣವೆನ್ನುವುದು ನಿಜವೇ. ಆದರೂ ಅದರಿಂದ ದೊಡ್ಡದೊಂದು ಉಪಕಾರವಾಯಿತು. ‘ಕ’ ಬರೆಯಲು ಹೋಗಿ ನೂರು ಸಲ ಸೊಟ್ಟ ಗೀಚಿದ ಮಗುವಿನ ನೂರು ಸೋಲುಗಳು ಎಲ್ಲಿಯೂ ಉಳಿಯಲಿಲ್ಲ, ನೂರೊಂದನೆಯ ‘ಕ’ ಮಾತ್ರ ಉಳಿಯಿತು. ತಪ್ಪು ಮಾಡುವುದೇ ಕಲಿಯುವ ಬಗೆ ಎಂದಾದರೆ, ತಪ್ಪು ಉಳಿಯುವುದಿಲ್ಲ ಎಂಬ ಭರವಸೆ ಕಲಿಯುವ ಧೈರ್ಯದ ಮೂಲ. ತಾನು ಒತ್ತುವ ಪ್ರತಿ ಉತ್ತರವೂ ದಾಖಲಾಗುತ್ತದೆಂದು ತಿಳಿದ ವಿದ್ಯಾರ್ಥಿ ಊಹಿಸಿ ನೋಡಲು ಹಿಂಜರಿಯುತ್ತಾನೆ, ಗೊತ್ತಿಲ್ಲದ್ದನ್ನು ಮುಟ್ಟದೆ ಗೊತ್ತಿರುವುದನ್ನೇ ತೋರಿಸುತ್ತಾನೆ. ದಡ್ಡ ಪ್ರಶ್ನೆ ಕೇಳುವುದನ್ನು ಮೊದಲು ನಿಲ್ಲಿಸುತ್ತಾನೆ. ಕಲಿಯುವುದು ಹಿಂದೆ ಸರಿದು ಕಲಿತಂತೆ ಕಾಣುವುದು ಮುಂದೆ ಬರುತ್ತದೆ.

ಇದಕ್ಕೆ ಎದುರಾಗಿ ಬಲವಾದ ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ತರಗತಿಯ ಹಿಂದಿನ ಬೆಂಚಿನಲ್ಲಿ ಮೌನವಾಗಿ ಮುಳುಗುತ್ತಿರುವ ವಿದ್ಯಾರ್ಥಿ ಮೇಷ್ಟ್ರ ಕಣ್ಣಿಗೆ ಬೀಳದೆ ಹೋಗಬಹುದು, ದಾಖಲೆಯಿಂದ ಅವನು ಕಾಣಿಸುತ್ತಾನೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ‘ಕೋರ್ಸ್ ಸಿಗ್ನಲ್ಸ್’ ವ್ಯವಸ್ಥೆ ಅಂಕ, ಹಿಂದಿನ ಓದು ಮತ್ತು ಆನ್‌ಲೈನ್ ಚಟುವಟಿಕೆ ನೋಡಿ ವಿದ್ಯಾರ್ಥಿಗೆ ಕೆಂಪು, ಹಳದಿ ಅಥವಾ ಹಸಿರು ದೀಪ ತೋರಿಸುತ್ತಿತ್ತು. ಕೆಂಪು ದೀಪ ಕಂಡು ಅಧ್ಯಾಪಕರು ಕರೆದು ಮಾತಾಡಿಸಿದರೆ ಅದು ಕಾಳಜಿ. ಅದೇ ದೀಪ ಮುಂದಿನ ತರಗತಿಗೂ, ಪ್ರವೇಶಾತಿಗೂ, ಸಾಲ ಕೊಡುವವರಿಗೂ ಹೋದರೆ ಅದು ಹಣೆಬರಹ. ಕರ್ಮಸಿದ್ಧಾಂತದಲ್ಲೂ ಪ್ರಾಯಶ್ಚಿತ್ತಕ್ಕೆ ಎಡೆಯುಂಟು. ಅಳಿಸದ ದತ್ತಾಂಶದ ಮೇಲೆ ಮತ್ತೆ ಮತ್ತೆ ಕಟ್ಟುವ ಭವಿಷ್ಯವಾಣಿಯಲ್ಲಿ ಅದಕ್ಕೂ ಎಡೆಯಿಲ್ಲ. ಒಂದೇ ಮಾಹಿತಿ ಕಾಳಜಿಯೋ ಹಣೆಬರಹವೋ ಎಂದು ತೀರ್ಮಾನವಾಗುವುದು ಎರಡು ಸಂಗತಿಗಳಿಂದ: ಅದು ಯಾರವರೆಗೆ ಹೋಗುತ್ತದೆ, ಎಷ್ಟು ಕಾಲ ಉಳಿಯುತ್ತದೆ.

ಕಾನೂನು ಸಾಮಾನ್ಯವಾಗಿ ಮೊದಲು ಕೇಳುವುದು ಇನ್ನೊಂದು ಪ್ರಶ್ನೆ, ಒಪ್ಪಿಗೆ ಇತ್ತೇ ಎಂದು. ಭಾರತದಲ್ಲಿ ಈ ಚಿಂತನೆಗೆ ಬುನಾದಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಸಲ್ಲಿಸಿದ ಅರ್ಜಿಯ ಫಲವಾಗಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆಯನ್ನು ಕಡ್ಡಾಯ ಮಾಡಿತು. ಮಕ್ಕಳ ಜಾಡು ಹಿಡಿಯುವುದನ್ನೂ, ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ, ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸಿತು. ಆದರೆ 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಕೊಟ್ಟಿವೆ: ಶೈಕ್ಷಣಿಕ ಚಟುವಟಿಕೆಗೆ ಅಥವಾ ಮಕ್ಕಳ ಸುರಕ್ಷತೆಗೆಂದು ಅವು ಕಣ್ಣಿಡಬಹುದು. ಶಾಲೆಗೆ ಇದು ಬೇಕಾದೀತು. ಶೈಕ್ಷಣಿಕ ಚಟುವಟಿಕೆ ಎಂಬ ಮಾತನ್ನು ಎಷ್ಟು ದೂರ ಎಳೆಯಬಹುದು ಎಂಬಲ್ಲಿ ಮಾತ್ರ ಎಚ್ಚರ ಬೇಕು.

ಒಪ್ಪಿಗೆಯ ತತ್ತ್ವದ ದೌರ್ಬಲ್ಯ ಸ್ವೀಡನ್ನಿನ ಒಂದು ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಶೆಲೆಫ್ಟಿಯೊ ಎಂಬ ಊರಿನ ಶಾಲೆಯೊಂದು 22 ವಿದ್ಯಾರ್ಥಿಗಳ ಹಾಜರಿಯನ್ನು ಮುಖ ಗುರುತಿಸುವ ಕ್ಯಾಮೆರಾದಿಂದ ಮೂರು ವಾರ ತೆಗೆದುಕೊಂಡಿತು. ಎಲ್ಲರ ಒಪ್ಪಿಗೆ ಪಡೆದಿದ್ದೆವು ಎಂಬುದು ಆಡಳಿತದ ಸಮರ್ಥನೆ. 2019ರಲ್ಲಿ ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ಅದನ್ನು ಒಪ್ಪದೆ 2 ಲಕ್ಷ ಕ್ರೋನಾ ದಂಡ ಹಾಕಿತು: ಶಾಲೆಯ ಅಧೀನದಲ್ಲಿರುವ ವಿದ್ಯಾರ್ಥಿ ಶಾಲೆಗೆ ಕೊಡುವ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆ ಎನ್ನಲಾಗದು. ಬೇಡ ಎಂದರೆ ಪಾಠವೇ ಇಲ್ಲ ಎನ್ನುವಲ್ಲಿ ಬೇಕು ಎಂಬ ಮಾತಿಗೆ ತೂಕವಿಲ್ಲ. ಮನೆಯಲ್ಲೇ ಕೂತು ಬರೆಯುವ ಪರೀಕ್ಷೆಗಳಲ್ಲಿ ಇದು ಇನ್ನೂ ತೀವ್ರ. ಪರೀಕ್ಷೆಗೆ ಮುನ್ನ ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಿ ತೋರಿಸಬೇಕೆಂಬ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಮ ಅಸಮಂಜಸ ಶೋಧನೆಯೇ ಸರಿ ಎಂದು 2022ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಮಲಗಿ ಏಳುವ ಕಡೆ ಅಂಥ ಕ್ಯಾಮೆರಾ ನೋಡುವುದು ಒಬ್ಬ ವಿದ್ಯಾರ್ಥಿಯನ್ನಲ್ಲ, ಇಡೀ ಸಂಸಾರವನ್ನು. ಅಜ್ಜಿಯ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ.

ರಕ್ಷಣೆಯ ತಾಂತ್ರಿಕ ವಿಧಾನಗಳಲ್ಲಿ ಗೂಢಲಿಪೀಕರಣ, ಯಾರು ಏನು ನೋಡಬಹುದೆಂಬ ಕಟ್ಟುಪಾಡು, ಹೊರಗಿನ ಕೋಡನ್ನು ಪಾಠದ ಪುಟಗಳಿಂದ ದೂರವಿಡುವುದು ಎಲ್ಲರೂ ಬಲ್ಲ ಕ್ರಮಗಳು. ಹೆಸರು ತೆಗೆದರೆ ಸಾಕು ಎಂಬ ನಂಬಿಕೆ ಮಾತ್ರ ಅಷ್ಟು ಗಟ್ಟಿಯಲ್ಲ. 2014ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ತಮ್ಮ ಆನ್‌ಲೈನ್ ಕೋರ್ಸುಗಳ ವಿದ್ಯಾರ್ಥಿಗಳ ದತ್ತಾಂಶವನ್ನು ಸಂಶೋಧನೆಗಾಗಿ ಬಿಡುಗಡೆ ಮಾಡುವಾಗ, ಗುರುತಾಗಬಲ್ಲ ವಿವರಗಳಲ್ಲಿ ಪ್ರತಿಯೊಬ್ಬರೂ ಕನಿಷ್ಠ ಇನ್ನೂ ನಾಲ್ವರಂತೆಯೇ ಕಾಣುವ ಹಾಗೆ ಅದನ್ನು ಮಾರ್ಪಡಿಸಿದವು. ಹಾಗೆ ಮಾಡಿದಾಗ ವಿಶ್ಲೇಷಣೆಯ ಫಲಿತಾಂಶಗಳೇ ಬದಲಾದವು ಎಂದು ಆ ಸಂಶೋಧಕರೇ ಬರೆದರು. ಹೆಚ್ಚು ಓದಿದವರು, ಹಲವು ಕೋರ್ಸು ಮುಗಿಸಿದವರು ವಿಶಿಷ್ಟರಾದುದರಿಂದ ಗುಂಪಿನಲ್ಲಿ ಬೆರೆಯಲಿಲ್ಲ. ಅವರನ್ನು ಉಳಿಸಿದರೆ ಗುರುತು ಸಿಗುತ್ತದೆ, ತೆಗೆದರೆ ಸತ್ಯ ವಕ್ರವಾಗುತ್ತದೆ.

ಆದ್ದರಿಂದ ಮರೆಮಾಚುವುದಕ್ಕಿಂತ ಅಳಿಸುವುದು ನೆಚ್ಚಬಹುದಾದ ಕ್ರಮ. ಯುರೋಪಿನಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ದತ್ತಾಂಶ ಸಂರಕ್ಷಣಾ ನಿಯಮದ 17ನೇ ವಿಧಿ ಅಳಿಸಿಹಾಕಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಭಾರತದ ಕಾಯ್ದೆಯಲ್ಲೂ ತಿದ್ದುವ, ಅಳಿಸುವ ಹಕ್ಕುಗಳಿವೆ. ಆದರೆ ಹಕ್ಕು ಚಲಾಯಿಸಲು ಏನೇನು ದಾಖಲಾಗಿದೆ ಎಂಬುದು ಮೊದಲು ಗೊತ್ತಿರಬೇಕು, ಹತ್ತು ವರ್ಷದ ಮಗುವಿಗೆ ಅದು ಗೊತ್ತಿರುವುದಿಲ್ಲ. ಅಳಿಸುವ ಹೊಣೆ ಕೇಳುವವರ ಮೇಲಿರದೆ ಇಟ್ಟುಕೊಂಡವರ ಮೇಲೆಯೇ ಇರಬೇಕಾದದ್ದು ಇದಕ್ಕಾಗಿ. ಶಾಲೆಯ ದಾಖಲಾತಿ ಪುಸ್ತಕ ಶಾಶ್ವತವಾಗಿ ಉಳಿಯಬೇಕು. ಐವತ್ತು ವರ್ಷದ ಮೇಲೂ ಜನ್ಮದಿನಾಂಕಕ್ಕಾಗಿ ಅದನ್ನು ಹುಡುಕಿಕೊಂಡು ಬರುವವರಿರುತ್ತಾರೆ. ಅಂಕಪಟ್ಟಿಯೂ ಉಳಿಯಬೇಕು. ಎಂಟನೇ ತರಗತಿಯ ಹುಡುಗಿ ಭಿನ್ನರಾಶಿಯ ಲೆಕ್ಕದಲ್ಲಿ ಎಷ್ಟು ಸಲ ಎಡವಿದಳು, ಎಷ್ಟು ಹೊತ್ತಿಗೆ ಎದ್ದು ಹೋದಳು ಎಂಬುದು ಆ ಪಾಠ ಮುಗಿಯುವವರೆಗೆ ಅವಳ ಮೇಷ್ಟ್ರಿಗೆ ಬೇಕಾಗಬಹುದು. ಅವಳು ಒಂಬತ್ತನೇ ತರಗತಿಗೆ ಹೋಗುವ ಹೊತ್ತಿಗೆ ಅದು ಯಾರ ಬಳಿಯೂ ಇರಬೇಕಾಗಿಲ್ಲ.