ಹಾಯುವ ಎತ್ತಿನ ಒಡೆಯನೂ ಕಾರಿನ ಒಡೆಯನೂ

ಒಬ್ಬ ಮನುಷ್ಯನು ಹಣ ಕೊಟ್ಟು ಒಂದು ಕಾರನ್ನು ಕೊಂಡುಕೊಂಡಾಗ ಅವನು ಕೊಂಡದ್ದೇನು? ಈ ಪ್ರಶ್ನೆಯು ಮೊದಲು ಕೇಳುವಾಗ ಮಕ್ಕಳಾಟದಂತೆ ತೋರಬಹುದು. ಕಬ್ಬಿಣ, ಗಾಜು, ರಬ್ಬರುಗಳಿಂದಾದ ಒಂದು ಯಂತ್ರವನ್ನು ಕೊಂಡನು, ಅದು ಅವನ ಸೊತ್ತು, ಅದನ್ನು ತನ್ನ ಇಷ್ಟದಂತೆ ಉಪಯೋಗಿಸಲು ಅವನಿಗೆ ಹಕ್ಕುಂಟು ಎಂದು ಯಾರಾದರೂ ಉತ್ತರ ಕೊಡುವರು. ಹೊಲವನ್ನು ಕೊಂಡವನ ವಿಷಯದಲ್ಲಿ ಈ ಉತ್ತರವು ಬಹುಮಟ್ಟಿಗೆ ಸರಿಯೇ. ಆದರೆ ಹೊಲವು ಇದ್ದಲ್ಲಿಯೇ ಇರುವದು. ಕಾರು ಹಾಗಲ್ಲ, ಅದು ದಿನದಿನವೂ ಪರರ ಮನೆಬಾಗಲಿನ ಮುಂದೆಯೂ ಪರರ ಮಕ್ಕಳ ನಡುವೆಯೂ ಹಾದುಹೋಗುವ ಸೊತ್ತು. ಹೀಗಿರಲಾಗಿ ಅದರ ಒಡೆತನವು ಹೊಲದ ಒಡೆತನದಂತಿರದೆ ಬೇರೊಂದು ತರದ್ದಾಗಿರಬೇಕಲ್ಲವೇ?

ಮೂವತ್ತು ವರುಷಗಳ ಕೆಳಗೆ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳ್ಳಿಯೊಳಗೆ ಒಂದು ಕಾರು ಬಂದರೆ ಯಾರೋ ಅಧಿಕಾರಿಯೋ ವೈದ್ಯರೋ ಬಂದರೆಂದು ಜನರು ಜಗಲಿಯಿಂದ ಎದ್ದು ನಿಲ್ಲುತ್ತಿದ್ದರು. ಈಗ ಅರಿಸಿನ ಬೆಳೆಯುವವನ ಮನೆಯ ಮುಂದೆಯೂ ರೇಷ್ಮೆಯ ಕೆಲಸದವನ ಮನೆಯ ಮುಂದೆಯೂ ಅದು ನಿಂತಿರುತ್ತದೆ. ಇದನ್ನು ಡಂಭವೆಂದು ಹಳಿಯುವವರ ಸಂಗಡ ನಾನು ಸೇರಲಾರೆನು. ನಡುರಾತ್ರಿಯಲ್ಲಿ ಹೆರಿಗೆಯ ನೋವು ಹತ್ತಿದ ಹೆಂಗಸನ್ನು ಬೆಟ್ಟದ ತಪ್ಪಲಿನ ಪೋಡಿನಿಂದ ಕಾಮಗೆರೆಯ ಆಸ್ಪತ್ರೆಗೆ ಸಾಗಿಸಬೇಕಾದಾಗ ನೆರೆಯವನ ಕಾರು ಎಂಥ ಉಪಕಾರವೆಂಬದನ್ನು ಅಲ್ಲಿಯವರು ಬಲ್ಲರು. ಕೊಳ್ಳಬಾರದೆಂಬದು ನನ್ನ ಮಾತಲ್ಲ. ಕೊಂಡಮೇಲೆ ಯಾರಿಗೆ ನಾವು ಸಾಲಗಾರರಾದೆವು ಎಂಬದೇ ವಿಚಾರ. ಬ್ಯಾಂಕಿಗೆ ತಿಂಗಳ ಕಂತು ಕಟ್ಟತಕ್ಕದ್ದುಂಟೆಂದು ಎಲ್ಲರಿಗೂ ನೆನಪಿರುತ್ತದೆ. ಇನ್ನೊಬ್ಬ ಸಾಲದಾತನ ನೆನಪು ಅನೇಕರಿಗೆ ಇಲ್ಲ.

ಮೋಶೆಯ ಧರ್ಮಶಾಸ್ತ್ರದಲ್ಲಿ ಹಾಯುವ ಎತ್ತಿನ ವಿಷಯವಾಗಿ ಒಂದು ನ್ಯಾಯವುಂಟೆಂದು ನೀವು ಬಲ್ಲಿರಿ. ಎತ್ತು ಒಬ್ಬನನ್ನು ತಿವಿದು ಕೊಂದರೆ ಎತ್ತಿಗೆ ಮಾತ್ರ ಶಿಕ್ಷೆ, ಒಡೆಯನು ನಿರಪರಾಧಿ. ಆದರೆ ಆ ಎತ್ತು ಮೊದಲಿನಿಂದಲೂ ಹಾಯುವಂಥದ್ದಾಗಿದ್ದು, ಜನರು ಒಡೆಯನಿಗೆ ತಿಳಿಸಿದ್ದರೂ ಅವನು ಅದನ್ನು ಕಟ್ಟಿಹಾಕದೆ ಇದ್ದರೆ ದೋಷವು ಒಡೆಯನ ಮೇಲೆಯೂ ಬರುವದು. ದನ ಸಾಕಿದ ನಮ್ಮಂಥವರಿಗೆ ಇದರ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನು ಎತ್ತನ್ನು ಯಾರ ಮೇಲೂ ಬಿಡಲಿಲ್ಲ, ಕೊಲ್ಲಬೇಕೆಂಬ ಮನಸ್ಸೂ ಅವನಲ್ಲಿರಲಿಲ್ಲ. ಆದರೂ ತಿಳಿದಿದ್ದು ಸುಮ್ಮನಿದ್ದದ್ದೇ ಅವನ ಅಪರಾಧವಾಯಿತು.

ಬ್ರೇಕು ಸರಿಯಾಗಿ ಹಿಡಿಯದೆಂದು ಗ್ಯಾರೇಜಿನವನು ಹೇಳಿದ ಮೇಲೂ ಮುಂದಿನ ತಿಂಗಳು ನೋಡೋಣವೆಂದು ಓಡಿಸುವ ಕಾರು ಹಾಯುವ ಎತ್ತಲ್ಲದೆ ಮತ್ತೇನು?

ನಮ್ಮವರಲ್ಲಿ ಹೆಚ್ಚಿನವರು ಕೊಳ್ಳುವದು ಬೇರೊಬ್ಬರು ಓಡಿಸಿ ಬಿಟ್ಟ ಕಾರನ್ನು. ಅದರಲ್ಲಿ ತಪ್ಪಿಲ್ಲ. ಆದರೆ ಕೊಳ್ಳುವಾಗ ಬಣ್ಣದ ಹೊಳಪನ್ನೂ ಹಾಡು ಹಾಡುವ ಪೆಟ್ಟಿಗೆಯನ್ನೂ ನೋಡಿ ತೃಪ್ತರಾಗುವರು. ಎತ್ತು ಕೊಳ್ಳಲು ಸಂತೆಗೆ ಹೋದವನು ಹಲ್ಲು ಹಿಡಿದು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡಿಸಿ ನೋಡುವನು. ಅದೇ ಮನುಷ್ಯನು ಲಕ್ಷಗಟ್ಟಲೆ ಕೊಟ್ಟು ಕಾರು ಕೊಳ್ಳುವಾಗ ಚಕ್ರದ ಕಡೆಗೆ ಬೊಗ್ಗಿಯೂ ನೋಡುವದಿಲ್ಲ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತೊಂದಿರುತ್ತದೆ. 3519 ಎಂದಿದ್ದರೆ ಅದು 2019ನೆಯ ವರುಷದ 35ನೆಯ ವಾರದಲ್ಲಿ ತಯಾರಾದದ್ದು. ಇದೇ ಅದರ ಹಲ್ಲು. ಟಯರಿನ ಗೆರೆಗಳ ಆಳವು 1.6 ಮಿಲಿಮೀಟರಿಗೆ ಇಳಿದರೆ ಮಳೆ ಬಿದ್ದ ರಸ್ತೆಯಲ್ಲಿ ಅದು ಹಿಡಿತಕ್ಕೆ ಸಿಕ್ಕದು. ಎಂಜಿನಿನ ಮೇಲೂ ಚಾಸಿಯ ಮೇಲೂ ಕೊರೆದಿರುವ ಅಂಕಿಗಳು ನೋಂದಣಿ ಪತ್ರದಲ್ಲಿರುವಂತೆಯೇ ಇವೆಯೋ, ಹಿಂದಿನವನು ಮಾಡಿದ್ದ ಸಾಲವು ತೀರಿತೆಂಬ ಬ್ಯಾಂಕಿನ ಪತ್ರವುಂಟೋ ಎಂಬದನ್ನೂ ನೋಡತಕ್ಕದ್ದು. ನೋಡದವನು ನನಗೆ ತಿಳಿದಿರಲಿಲ್ಲವೆಂದು ಆಮೇಲೆ ಹೇಳುವನು. ಬೇಕೆಂದೇ ಕಣ್ಣು ಮುಚ್ಚಿಕೊಂಡವನ ತಿಳಿಯದಿರುವಿಕೆಯು ತಿಳಿಯದಿರುವಿಕೆ ಎನ್ನಿಸಿಕೊಳ್ಳದು.

ಮಾರುವವನಿಗೂ ಒಂದು ಮಾತು. ಕಾರನ್ನು ಕೊಟ್ಟು ಹಣ ಎಣಿಸಿಕೊಂಡು ಛಾಪಾ ಕಾಗದದ ಮೇಲೆ ಒಂದು ಕರಾರು ಬರೆಸಿಕೊಂಡರೆ ತನ್ನ ಋಣ ತೀರಿತೆಂದು ಅವನು ತಿಳಿಯುತ್ತಾನೆ. ಕಾನೂನು ಹಾಗೆ ತಿಳಿಯುವದಿಲ್ಲ. ಕೈಯಿಂದ ಕೈಗೆ ಹಲವು ಸಾರಿ ಮಾರಲ್ಪಟ್ಟರೂ ಹಳೆಯ ಒಡೆಯನ ಹೆಸರಿನಲ್ಲಿಯೇ ಉಳಿದಿದ್ದ ಒಂದು ವಾಹನದ ಅಪಘಾತದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟು, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಬಾಧ್ಯನೆಂದು ಹೇಳಿತು. ಕಾರಣವೇನಂದರೆ, ಗಾಯಪಟ್ಟವರು ಒಬ್ಬ ಕೊಂಡವನಿಂದ ಇನ್ನೊಬ್ಬ ಕೊಂಡವನ ಬಳಿಗೆ ಬಾಗಲು ಬಾಗಲು ತಿರುಗುವಂತಾಗಬಾರದು. ಈ ತೀರ್ಪು ಕಠಿನವೆಂದು ಕೆಲವರು ಗೊಣಗುವರು. ನನಗಂತೂ ಇದು ನ್ಯಾಯವಾಗಿಯೇ ತೋರುತ್ತದೆ. ಮಾರಿದವನು 14 ದಿನಗಳೊಳಗಾಗಿ, ಕೊಂಡವನು 30 ದಿನಗಳೊಳಗಾಗಿ ಸಾರಿಗೆ ಕಚೇರಿಗೆ ತಿಳಿಸಬೇಕೆಂಬ ಕಟ್ಟಳೆಯುಂಟು. ಚಾಮರಾಜನಗರಕ್ಕೆ ಒಂದು ದಿನದ ಪ್ರಯಾಣವನ್ನು ಉಳಿಸಲಿಕ್ಕೆ ಹೋಗಿ ಹೊಲ ಮಾರುವ ಸ್ಥಿತಿಗೆ ಬರುವದು ಎಂಥ ಜಾಣತನ?

ಇನ್ನು ವಿಮೆಯ ಸಂಗತಿ. ಇಲ್ಲಿಯೇ ನಾನು ಹೇಳಬೇಕೆಂದಿರುವದರ ತಿರುಳಿದೆ. ಹೀಗೊಂದನ್ನು ಊಹಿಸಿಕೊಳ್ಳಿರಿ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬನ್ನು ಕಡಿದು ಸಂಜೆ ಹೊತ್ತಿನಲ್ಲಿ ಮನೆಗೆ ಹಿಂತಿರುಗುವ ಒಬ್ಬ ಕೂಲಿಯವಳಿಗೆ ಒಂದು ಕಾರು ತಾಕಿತು. ಅವಳ ಕಾಲು ಹೋಯಿತು. ಕಾರಿನವನು ಕೆಟ್ಟವನಲ್ಲ, ಅಳುತ್ತಾನೆ, ಕೈಮುಗಿಯುತ್ತಾನೆ, ಕೈಯಲ್ಲಿದ್ದ ಐದು ಸಾವಿರವನ್ನು ಕೊಡುತ್ತಾನೆ. ಆದರೆ ಅವನ ವಿಮೆಯ ಅವಧಿ ಮುಗಿದು ಎಂಟು ತಿಂಗಳಾಗಿದೆ. ನ್ಯಾಯಾಲಯವು ಲಕ್ಷಗಟ್ಟಲೆ ಪರಿಹಾರ ಕೊಡಬೇಕೆಂದು ಹೇಳಿದರೂ ಎಲ್ಲಿಂದ ಕೊಡುವನು? ಮೂರು ಮಕ್ಕಳ ತಾಯಿಯು ಒಂದು ಕಾಲಿನ ಮೇಲೆ ಯಾವ ಕೂಲಿಗೆ ಹೋಗುವಳು? ಆ ವರುಷದ ವಿಮೆಗೆ ಬೇಕಾಗಿದ್ದ ಕೆಲವು ಸಾವಿರ ರೂಪಾಯಿಗಳು ಅವನ ಬಳಿಯಲ್ಲಿ ಇಲ್ಲದಿರಲಿಲ್ಲ. ಸೀಟಿಗೆ ಹೊಸ ಹೊದಿಕೆ ಹೊಲಿಸಿದ್ದನು.

ಈ ಕೂಲಿಯವಳೇ ನಾನು ಹೇಳಿದ ಎರಡನೆಯ ಸಾಲದಾತಳು. ಕಾರು ಕೊಂಡ ದಿನದಿಂದ ಅವನು ಅವಳಿಗೆ ಸಾಲಗಾರನಾಗಿದ್ದನು. ಅವಳ ಮುಖವನ್ನು ಮಾತ್ರ ಕಂಡಿರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯು ಪರರಿಗೆ ಆಗುವ ಹಾನಿಯ ವಿಮೆಯಿಲ್ಲದೆ ಯಾವ ವಾಹನವನ್ನೂ ರಸ್ತೆಗೆ ಇಳಿಸಕೂಡದೆಂದು ವಿಧಿಸಿರುವದು ಇದಕ್ಕಾಗಿಯೇ. ನಮ್ಮ ಸ್ವಂತ ಕಾರಿಗೆ ವಿಮೆ ಮಾಡಿಸುವದೂ ಬಿಡುವದೂ ನಮ್ಮ ಇಷ್ಟ. ಪರರಿಗಾಗಿ ಮಾಡಿಸುವದು ಇಷ್ಟಕ್ಕೆ ಬಿಟ್ಟದ್ದಲ್ಲ.

ಭಕ್ತರಾದ ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ತರುವರು. ನಾವು ದೇವರ ಮೇಲೆ ಭರವಸವಿಟ್ಟವರು, ವಿಮೆ ಮಾಡಿಸುವದು ಅಪನಂಬಿಕೆಯಲ್ಲವೇ ಎಂಬದಾಗಿ. ಅವರಿಗೆ ನನ್ನ ಉತ್ತರವೇನಂದರೆ: ನಿನ್ನ ಪ್ರಾಣವನ್ನು ನಿನ್ನ ಭರವಸದ ಮೇಲೆ ಇಡು, ಅದು ನಿನ್ನದು, ನೆರೆಯವನ ಮಗುವಿನ ಕಾಲನ್ನು ನಿನ್ನ ಭರವಸದ ಮೇಲೆ ಪಣವಿಡಲು ನಿನಗೆ ಹಕ್ಕು ಕೊಟ್ಟವರಾರು? ಹೊಸ ಗಾಡಿಯನ್ನು ಗುಡಿಯ ಮುಂದೆ ನಿಲ್ಲಿಸಿ ಪಾದ್ರಿಯವರಿಂದ ಪ್ರಾರ್ಥನೆ ಮಾಡಿಸುವದು ಒಳ್ಳೇದೇ. ಆ ಪ್ರಾರ್ಥನೆಯಿಂದ ಸವೆದ ಬ್ರೇಕು ಹೊಸದಾಗುವದೆಂದು ಮಾತ್ರ ಯಾರೂ ಎಣಿಸಬಾರದು.

ವಿಮೆಯುಂಟೆಂದು ಎಲ್ಲವೂ ಸುಗಮವೆಂದೂ ತಿಳಿಯಬೇಡಿರಿ. ಪರರ ಹಾನಿಗೆಂದು ಮಾತ್ರ ಮಾಡಿಸಿದ ವಿಮೆಯು ಸ್ವಂತ ಕಾರಿನಲ್ಲಿ ಕುಳಿತ ಅತ್ತೆಮಾವಂದಿರಿಗೆ ದೊರಕುವದಿಲ್ಲ. ಮದುವೆಯ ದಿಬ್ಬಣವನ್ನು ಸರಕಿನ ಗಾಡಿಯಲ್ಲಿ ತುಂಬಿಕೊಂಡು ಹೋಗುವದು ನಮ್ಮ ಕಡೆ ಸಾಧಾರಣವಾಗಿದೆ. ಅದರಲ್ಲಿ ನಿಂತ ಮೂವತ್ತು ಜನರಿಗೂ ವಿಮಾ ಕಂಪನಿಯು ಹೊಣೆಯಲ್ಲ. ಹುಡುಗಿಯರು ಹಾಡು ಹೇಳುತ್ತಾ ಹೋಗುವದನ್ನು ನೋಡಿದರೆ ಸಂತೋಷವಾಗುತ್ತದೆ, ಹೊಟ್ಟೆಯೊಳಗೆ ಭಯವೂ ಆಗುತ್ತದೆ.

ಈಗ ರಸ್ತೆಗೆ ಬರೋಣ. ಗಂಟೆಗೆ 60 ಕಿಲೋಮೀಟರ್ ವೇಗದಿಂದ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗುವದು. ಎದುರಿಗೆ ಮಗುವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿಯೇ ಒಂದು ಸೆಕೆಂಡಾದರೂ ಕಳೆದಿರುತ್ತದೆ. ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರವು, ವೇಗವು ಇಮ್ಮಡಿಯಾದರೆ ನಾಲ್ಮಡಿಯಾಗುವದು. 40ರಲ್ಲಿ ಹೋಗುವವನಿಗೂ 80ರಲ್ಲಿ ಹೋಗುವವನಿಗೂ ಇರುವ ಭೇದವು ಎರಡರಷ್ಟಲ್ಲ. ಇದನ್ನು ಯಾವ ಚಾಲಕನ ಚಾತುರ್ಯವೂ ಬದಲಾಯಿಸಲಾರದು. ಕೈಯಲ್ಲಿ ಮೊಬೈಲು ಹಿಡಿದಿರುವವನು ಆ ಒಂದು ಸೆಕೆಂಡನ್ನು ಮೂರಕ್ಕೆ ಏರಿಸಿಕೊಂಡಿರುತ್ತಾನೆ.

ತಪ್ಪು ಯಾವಾಗಲೂ ಕಾರಿನವನದೇ ಎಂದು ಹೇಳಿದರೆ ಅದೂ ಅನ್ಯಾಯ. ಸುಗ್ಗಿಯ ಕಾಲದಲ್ಲಿ ಹುರುಳಿಯನ್ನೂ ರಾಗಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ, ಹೋಗುವ ಬರುವ ಗಾಡಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ವಾಡಿಕೆಯು ನಮ್ಮ ರೈತರಲ್ಲಿ ಬೇರೂರಿದೆ. ಹುರುಳಿಯ ಬಳ್ಳಿಯು ಚಕ್ರಕ್ಕೂ ಅಚ್ಚಿಗೂ ಸುತ್ತಿಕೊಂಡು, ಕಾದ ಕೊಳವೆಗೆ ತಗಲಿ, ಕಾರಿಗೆ ಬೆಂಕಿ ಹತ್ತಿದ್ದುಂಟು. ಬೈಸಿಕಲ್ಲಿನವನೂ ಮೋಟಾರು ಸೈಕಲ್ಲಿನವನೂ ಅದರ ಮೇಲೆ ಜಾರಿ ಬೀಳುವರು. ಹಾಗೆಯೇ ಹಿಂದುಗಡೆ ಹೊಳೆಯುವ ಕೆಂಪು ಪಟ್ಟಿಯಿಲ್ಲದ ಕಬ್ಬಿನ ಗಾಡಿಯು ಕತ್ತಲೆಯಲ್ಲಿ ನಿಂತಿದ್ದರೆ ಅದು ರಸ್ತೆಯ ನಡುವೆ ಕಟ್ಟಿದ ಗೋಡೆಯೇ ಸರಿ. ಕಣವನ್ನು ಸಗಣಿಯಿಂದ ಸಾರಿಸಿ ಸಿದ್ಧಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವದಕ್ಕಾಗಿ ಪರರನ್ನು ಅಪಾಯಕ್ಕೆ ಒಡ್ಡುವವನು ಕಾರಿನ ಒಡೆಯನಿಗಿಂತ ಕಡಿಮೆ ಹೊಣೆಗಾರನೆಂದು ನನಗೆ ತೋರುವದಿಲ್ಲ.

ಶಿವರಾತ್ರಿಯಲ್ಲಿಯೂ ದೀಪಾವಳಿಯಲ್ಲಿಯೂ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲುನಡಿಗೆಯಿಂದ ಹೋಗುವ ಸಾವಿರಾರು ಜನರು ಕೊಳ್ಳೇಗಾಲ, ಹನೂರು, ಕೌದಳ್ಳಿಯ ಮಾರ್ಗವಾಗಿ ಹಗಲೂ ರಾತ್ರಿಯೂ ನಡೆಯುವರು. ಅವರು ನಮ್ಮ ಮತದವರಲ್ಲ. ರಸ್ತೆಯಲ್ಲಿ ನೆರೆಯವನಾರೆಂಬ ಪ್ರಶ್ನೆಗೆ ಮತದಿಂದ ಉತ್ತರ ಹುಡುಕುವಂತಿಲ್ಲ. ನಮ್ಮ ದೀಪದ ಬೆಳಕಿನೊಳಕ್ಕೆ ಬಂದ ಪ್ರತಿಯೊಬ್ಬನೂ ನೆರೆಯವನೇ. ಸತ್ಯಮಂಗಲದ ಕಡೆಯ ದಿಂಬಂ ಘಾಟಿಯಲ್ಲಿ ಆನೆ ಚಿರತೆಗಳು ಚಕ್ರಕ್ಕೆ ಸಿಕ್ಕಿ ಸಾಯದಿರಲೆಂದು 2022ರಲ್ಲಿ ಮದರಾಸಿನ ಹೈಕೋರ್ಟು ರಾತ್ರಿ ಸಂಚಾರವನ್ನು ನಿರ್ಬಂಧಿಸಿತು. ಒಳ್ಳೆಯ ಕೆಲಸ. ಕಾಡುಮೃಗಕ್ಕಾಗಿ ಗೇಟು ಹಾಕಿದರೆ ಒಪ್ಪುವ ನಾವು ನಡೆದುಹೋಗುವ ಮನುಷ್ಯನಿಗಾಗಿ ತಾನಾಗಿಯೇ ವೇಗವನ್ನು ತಗ್ಗಿಸಲಾರೆವೋ?

ಬೆಟ್ಟದಿಂದ ಇಳಿಯುವಾಗ ಎಣ್ಣೆ ಉಳಿಸಬೇಕೆಂದು ಎಂಜಿನನ್ನು ನಿಲ್ಲಿಸಿ ಗಾಡಿಯನ್ನು ಹಾಗೆಯೇ ಉರುಳಬಿಡುವವರುಂಟು. ಎಂಜಿನು ನಿಂತರೆ ಬ್ರೇಕಿಗೂ ಸ್ಟೀಯರಿಂಗಿಗೂ ದೊರಕುವ ಸಹಾಯವು ನಿಂತುಹೋಗುವದು. ಬ್ರೇಕನ್ನೇ ಒತ್ತುತ್ತಾ ಬಂದರೆ ಅದು ಕಾದು ಹಿಡಿತ ಬಿಡುವದು. ಹತ್ತುವಾಗ ಯಾವ ಗೇರಿನಲ್ಲಿ ಹತ್ತಿದೆಯೋ ಇಳಿಯುವಾಗಲೂ ಅದರಲ್ಲಿಯೇ ಇಳಿಯತಕ್ಕದ್ದು. ಹಾದಿ ಇಕ್ಕಟ್ಟಾದಲ್ಲಿ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡತಕ್ಕದ್ದು.

ಅಪಘಾತವಾದಾಗ ಹಣೆಬರಹವೆಂದು ಹಿಂದೂ ನೆರೆಯವರು ಹೇಳುವರು, ದೇವರ ಚಿತ್ತವೆಂದು ನಾವು ಹೇಳುವೆವು. ಸತ್ತವನ ಮನೆಯಲ್ಲಿ ದುಃಖಶಮನಕ್ಕಾಗಿ ಆಡುವ ಮಾತಾದರೆ ನಾನು ಅಡ್ಡಿಮಾಡೆನು. ಆದರೆ ಕುಡಿದು ನಡಿಸಿದವನು ಅದೇ ಮಾತಿನ ಮರೆಯಲ್ಲಿ ಅಡಗಿಕೊಳ್ಳಬಂದರೆ ಅದನ್ನು ಸಹಿಸಕೂಡದು. 2022ನೆಯ ಒಂದೇ ವರುಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಸರಕಾರದ ಲೆಕ್ಕವುಂಟು. ಸ್ವೀಡನ್ ದೇಶದ ಶಾಸನಸಭೆಯವರು 1997ರಲ್ಲಿ, ರಸ್ತೆಯಲ್ಲಿ ಒಬ್ಬನಾದರೂ ಸಾಯುವದನ್ನು ಸಹಜವೆಂದು ಒಪ್ಪಲಾರೆವೆಂದು ನಿರ್ಣಯಿಸಿ, ರಸ್ತೆಯನ್ನೂ ವೇಗವನ್ನೂ ಆ ಗುರಿಗೆ ತಕ್ಕಂತೆ ತಿದ್ದುತ್ತಾ ಬಂದರು; ಅಲ್ಲಿ ಸಾಯುವವರ ಸಂಖ್ಯೆಯು ಅರ್ಧಕ್ಕಿಂತ ಕೆಳಗಿಳಿಯಿತು. ದೇವರ ಚಿತ್ತವು ಒಂದು ದೇಶಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದಾಗಿರುವದೋ?

ಹದಿನಾರು ವರುಷದ ಮಗನ ಕೈಗೆ ಬೀಗದ ಕೈ ಕೊಟ್ಟು, ನನ್ನ ಹುಡುಗನು ಎಷ್ಟು ಚೆನ್ನಾಗಿ ಓಡಿಸುತ್ತಾನೆ ನೋಡಿರೆಂದು ಹಿಗ್ಗುವ ತಂದೆಗಳಿಗೆ 2019ರ ತಿದ್ದುಪಡಿಯು 25,000 ರೂಪಾಯಿ ದಂಡವನ್ನೂ ಮೂರು ವರುಷಗಳವರೆಗಿನ ಸೆರೆಯನ್ನೂ ವಿಧಿಸಿದೆ. ಹಾಯುವ ಎತ್ತಿನ ನ್ಯಾಯವೇ ಇದು. ತಪ್ಪು ಮಾಡಿದ್ದು ಮಗನಾದರೂ ಹಿಡಿಯಲ್ಪಡುವವನು ಒಡೆಯನು.

ಕಡೆಗೆ, ಆಗಬಾರದ್ದು ಆಗಿಯೇಹೋದಾಗ ಓಡಿಹೋಗುವ ವಿಚಾರ. ಜನರು ಹೊಡೆಯುವರೆಂಬ ಭಯದಿಂದ ಓಡಿದೆನೆಂದು ಅನೇಕರು ಹೇಳುವರು, ಆ ಭಯವು ಸುಳ್ಳಲ್ಲ. ಗಾಯಪಟ್ಟವನಿಗೆ ಚಿಕಿತ್ಸೆ ದೊರಕಿಸಬೇಕೆಂದು ಚಾಲಕನಿಗೆ ವಿಧಿಸುವ ಕಾಯಿದೆಯ 134ನೆಯ ಕಲಮು, ಗುಂಪಿನ ಕೋಪದಿಂದ ಅದು ಸಾಧ್ಯವಾಗದೆ ಹೋದ ಪ್ರಸಂಗವನ್ನು ತಾನೇ ಬಿಟ್ಟುಕೊಟ್ಟಿದೆ. ಆದರೆ ಸ್ಥಳದಿಂದ ದೂರ ಹೋದವನು ಹತ್ತಿರದ ಪೊಲೀಸು ಠಾಣೆಗೆ ಹೋಗಬಹುದಲ್ಲವೇ. ಮನೆಗೆ ಹೋಗಿ ಕಾರನ್ನು ತೊಳೆಯುವದಕ್ಕೆ ಯಾವ ಗುಂಪೂ ಅವನನ್ನು ಅಟ್ಟಿರಲಿಲ್ಲ. ಹೊಡೆಯಲು ಕೈಯೆತ್ತುವ ಊರಿನವರೂ ಇದನ್ನು ಯೋಚಿಸಲಿ: ನಮ್ಮ ಕೋಪಕ್ಕೆ ಹೆದರಿ ಓಡಿದವನ ಕಾರಿನಲ್ಲಿಯೇ ಆ ಗಾಯಾಳು ಆಸ್ಪತ್ರೆಗೆ ಮುಟ್ಟಬಹುದಾಗಿತ್ತು. ನೋಡುತ್ತಾ ನಿಂತವರು ಸಾಕ್ಷಿಗೆ ಎಳೆಯುವರೆಂದು ಹಿಂಜರಿಯುವ ಕಾರಣವೂ ಈಗಿಲ್ಲ. ಸಹಾಯ ಮಾಡಿದವನನ್ನು ಹೆಸರು ಹೇಳೆಂದು ಬಲವಂತಮಾಡಬಾರದೆಂದು ಕಾನೂನಾಗಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಯೋಜನೆಯ ಪ್ರಕಾರ ರಸ್ತೆಯಲ್ಲಿ ಗಾಯಪಟ್ಟವನಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯಷ್ಟು ಚಿಕಿತ್ಸೆಯು ಮುಂಗಡ ಹಣವಿಲ್ಲದೆ ದೊರಕತಕ್ಕದ್ದು. ಆಂಬ್ಯುಲೆನ್ಸಿನ ಸಂಖ್ಯೆ 108; ಮನೆಯ ಮಕ್ಕಳಿಗೂ ಅದು ಬಾಯಿಪಾಠವಾಗಿರಲಿ.