ಹುಟ್ಟುಗುಣವೂ ಶಿವಧ್ಯಾನವೂ

ಹುಟ್ಟುಗುಣ ಸುಟ್ಟರೂ ಹೋಗದೆಂಬುದು ನಮ್ಮ ನಾಡಿನ ಗಾದೆ. ಧ್ಯಾನದಿಂದ ಚಿತ್ತ ಶುದ್ಧವಾಗಿ ಮನುಷ್ಯನು ಹೊಸ ಹುಟ್ಟನ್ನು ಪಡೆಯುವನೆಂಬುದು ನಮ್ಮ ಶರಣರ ನಿಲವು. ಇವೆರಡರಲ್ಲಿ ಯಾವುದು ದಿಟ? ಎರಡೂ ದಿಟವಾದರೆ ಅವುಗಳ ಸಮನ್ವಯವೆಂತು? ಈ ಪ್ರಶ್ನೆ ಪಂಡಿತರ ವಾದಕ್ಕೆ ಮಾತ್ರ ಸೇರಿದುದಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ವರ್ಷಾನುಗಟ್ಟಲೆ ದೃಷ್ಟಿಯಿಟ್ಟು ಕುಳಿತರೂ ಕಳವಳ ಕುಗ್ಗದಿರಲು, ತಮ್ಮ ಭಕ್ತಿಯಲ್ಲಿಯೇ ಕೊರತೆಯಿದೆಯೆಂದು ಒಳಗೊಳಗೇ ನವೆಯುವ ಸಾಧಕರುಂಟು. ಅವರಿಗೆ ಸಮಾಧಾನ ಹೇಳುವ ಹೊಣೆ ನಮ್ಮದು.

ಮೊದಲು ಹುಟ್ಟುಗುಣವನ್ನು ವಿಚಾರಿಸೋಣ. ಒಂದೇ ಅಂಡದಿಂದ ಜನಿಸಿದ ಅವಳಿಗಳನ್ನು ಎರಡು ಅಂಡಗಳಿಂದ ಜನಿಸಿದ ಅವಳಿಗಳೊಡನೆ ಹೋಲಿಸಿ, ಸ್ವಭಾವದಲ್ಲಿ ಆನುವಂಶಿಕತೆಯ ಪಾತ್ರವೆಷ್ಟೆಂದು ವಿಜ್ಞಾನಿಗಳು ಅರಸಿದ್ದಾರೆ. ಇಂತಹ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಿಶೀಲನೆಯೊಂದು, ಜನರ ನಡುವೆ ಕಾಣುವ ಸ್ವಭಾವಭೇದದಲ್ಲಿ ಸುಮಾರು ಶೇಕಡಾ 40ರಷ್ಟು ಆನುವಂಶಿಕವೆಂದು ನಿರ್ಣಯಿಸಿತು. ಒಬ್ಬನ ಕೋಪದ ಹದಿನಾರಾಣೆಯಲ್ಲಿ ಆರಾಣೆ ತಂದೆತಾಯಿಗಳದು, ಉಳಿದುದು ಅವನದು ಎಂದು ಇದಕ್ಕೆ ಅರ್ಥ ಮಾಡಬಾರದು. ಇದು ಬಹುಜನರ ನಡುವಣ ಭೇದದ ಲೆಕ್ಕ. ಕೋಪಕ್ಕಾಗಲಿ ಅಂಜಿಕೆಗಾಗಲಿ ಒಂದೇ ವಂಶವಾಹಿ ಕಾರಣವಲ್ಲ. ಅಸಂಖ್ಯಾತ ವಂಶವಾಹಿಗಳ ಅಲ್ಪಾಲ್ಪ ಪ್ರಭಾವ ಅಲ್ಲಿ ಕೂಡಿರುತ್ತದೆ. ಆದುದರಿಂದಲೇ ಒಂದೇ ಬಸಿರಿನ ಮಕ್ಕಳಲ್ಲಿ ಒಬ್ಬನು ಶಾಂತನೂ ಇನ್ನೊಬ್ಬನು ಮುಂಗೋಪಿಯೂ ಆಗುವುದನ್ನು ಕಾಣುತ್ತೇವೆ. ಇದನ್ನು ಹಿಡಿದು ಕುಲದ ಹಿರಿಮೆಯನ್ನು ಸಾಧಿಸಹೊರಡುವವರು ವಿಜ್ಞಾನಕ್ಕೂ ದೂರ, ಶರಣತತ್ತ್ವಕ್ಕೂ ದೂರ.

ನಮ್ಮ ಬಬ್ಬೂರಿನವರಿಗೆ ಈ ವಿಷಯ ಸುಲಭವಾಗಿ ತಿಳಿಯಬೇಕು. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರ ಬಬ್ಬೂರು ಫಾರಂ ಎಂದೇ ಪ್ರಸಿದ್ಧವಾಗಿದೆ. ಶೇಂಗಾ ಬೀಜವನ್ನು ಬಿತ್ತಿ ಹತ್ತಿಯನ್ನು ಬಿಡಿಸಲಾಗದೆಂಬುದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮಳೆ ವಿರಳವಾದ ಈ ಸೀಮೆಯಲ್ಲಿ, ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡು ವೇದಾವತಿಯ ನೀರು ಕಾಲುವೆಗೆ ಹರಿದ ಮೇಲೆ, ಇದ್ದ ನೆಲವೇ ಬೇರೆ ಫಲ ಕೊಡತೊಡಗಿತು. ಸ್ವಭಾವವು ಬೀಜದಂತೆ, ಧ್ಯಾನವು ನೀರಿನಂತೆ. ನೀರು ಬೀಜದ ಜಾತಿಯನ್ನು ಬದಲಿಸದು. ಆದರೆ ಪೈರು ಬಾಡುವುದೋ ತುಂಬಿ ನಿಲ್ಲುವುದೋ ಎಂಬುದು ಬಹುಮಟ್ಟಿಗೆ ನೀರನ್ನು ಅವಲಂಬಿಸಿದೆ.

ಹಾಗಾದರೆ ಧ್ಯಾನದ ಫಲವೆಷ್ಟು? 2014ರಲ್ಲಿ ಅಮೆರಿಕದ ವೈದ್ಯರು ನಾನಾ ಬಗೆಯ ಧ್ಯಾನಗಳ 47 ಪ್ರಯೋಗಗಳನ್ನು, ಅವುಗಳಲ್ಲಿ ಭಾಗಿಗಳಾದ 3,515 ಜನರ ಫಲಿತಾಂಶಗಳನ್ನು ಪರಿಶೀಲಿಸಿದರು. ಆತಂಕ, ಖಿನ್ನತೆಗಳು ಅಭ್ಯಾಸದಿಂದ ಮಿತಪ್ರಮಾಣದಲ್ಲಿ ಇಳಿಯುವುದು ಕಂಡುಬಂದಿತು. ಔಷಧ, ವ್ಯಾಯಾಮಾದಿಗಳಿಗಿಂತ ಧ್ಯಾನವೇ ಮೇಲೆನ್ನಲು ಆಧಾರ ದೊರೆಯಲಿಲ್ಲ. ಈ ಮಾತಿನಿಂದ ಭಕ್ತರು ಕುಗ್ಗಬೇಕಾಗಿಲ್ಲ. ಕೋಪ ಏಳುವುದು ಹುಟ್ಟುಗುಣ. ಎದ್ದಿತೆಂದು ಅರಿಯುವುದು ಅಭ್ಯಾಸ. ಅದನ್ನು ನಾಲಗೆಗೆ ಬಿಡದಿರುವುದು ಶೀಲ. ಧ್ಯಾನವು ಮೊದಲನೆಯದನ್ನು ಅಳಿಸದಿದ್ದರೂ ಎರಡನೆಯದನ್ನು ಕೊಟ್ಟು ಮೂರನೆಯದಕ್ಕೆ ಅವಕಾಶ ಮಾಡುತ್ತದೆ.

ಶರಣರು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲಿಲ್ಲ. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮನು ಕರ್ಮವೀರ. ಅಲ್ಲಮಪ್ರಭು ಬಂದು ಕೆಣಕಿದಾಗ ಆತನು ಕೆರಳಿದನೆಂದು ಶೂನ್ಯಸಂಪಾದನೆ ಮರೆಮಾಚದೆ ಹೇಳುತ್ತದೆ. ಆ ಕೋಪವನ್ನು ಕಂಡು ಪ್ರಭುವು ಅವನನ್ನು ಕೈಬಿಡಲಿಲ್ಲ, ಕಲ್ಯಾಣಕ್ಕೆ ಕರೆದೊಯ್ದನು. ಸ್ವಭಾವವನ್ನು ಹಳಿಯದೆ ಅದಕ್ಕೆ ದಿಕ್ಕು ತೋರಿಸುವುದೇ ಗುರುವಿನ ಕೆಲಸವೆಂದು ನಾವು ಇಲ್ಲಿ ಗ್ರಹಿಸಬಹುದು.

ಇದರಿಂದ ಎರಡು ಕರ್ತವ್ಯಗಳು ಫಲಿಸುತ್ತವೆ. ಹುಟ್ಟಿನಿಂದ ಶಾಂತನಾದವನು ತನ್ನ ಶಾಂತಿಯನ್ನು ತಪಸ್ಸಿನ ಫಲವೆಂದು ಮೆರೆಯಬಾರದು. ಅದು ಬಹುಮಟ್ಟಿಗೆ ಪಿತ್ರಾರ್ಜಿತ. ಮುಂಗೋಪಿಯೊಬ್ಬನು ದಿನಕ್ಕೊಂದು ಕಟುನುಡಿಯನ್ನು ತಡೆದುಕೊಂಡರೆ ಅದು ಸ್ವಯಾರ್ಜಿತ. ಯಾರು ಎಲ್ಲಿ ನಿಂತಿದ್ದಾರೆಂದು ನೋಡುವುದಕ್ಕಿಂತ ಎಲ್ಲಿಂದ ನಡೆದು ಬಂದರೆಂದು ನೋಡುವುದು ನ್ಯಾಯ.

ಎರಡನೆಯದು ಇನ್ನೂ ಮುಖ್ಯ. ನಿದ್ರಾಹಾರಗಳನ್ನು ತೊರೆದು ಬದುಕೇ ಬೇಡವೆನ್ನುವವನಿಗೆ 'ಪೂಜೆಯನ್ನು ಹೆಚ್ಚಿಸು' ಎಂದಷ್ಟೇ ಹೇಳಿ ಕಳುಹುವುದು ದಯೆಯಿಲ್ಲದ ಧರ್ಮ. ಅಂಥವರಲ್ಲಿ ಕೆಲವರಿಗೆ ಏಕಾಂತಧ್ಯಾನದಿಂದ ಕಳವಳ ಹೆಚ್ಚುವುದೂ ಉಂಟು. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಔಷಧದೊಡನೆ ಯೋಗವನ್ನೂ ಬಳಸುತ್ತಾರೆ. ವೈದ್ಯಕ್ಕೂ ಸಾಧನೆಗೂ ವೈರವಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಮದ್ದು ತಿನ್ನುವ ಭಕ್ತನು ಭಕ್ತಿಯಲ್ಲಿ ಕಡಮೆಯವನಲ್ಲ.

ಗಾದೆ ಹೇಳುವಂತೆ ಹುಟ್ಟುಗುಣ ಸುಟ್ಟರೂ ಹೋಗದಿರಬಹುದು. ಅದನ್ನು ಸುಡೆಂದು ಧ್ಯಾನವು ನಮ್ಮನ್ನು ಕೇಳುವುದಿಲ್ಲ. ನಮಗೆ ಬಂದಿರುವ ನೆಲವನ್ನು ಅರಿತು, ದಿನದಿನವೂ ತಪ್ಪದೆ ನೀರು ಹಾಯಿಸುವುದಷ್ಟೇ ನಮ್ಮ ಪಾಲಿನ ಕಾಯಕ. ಪಕ್ಕದ ಹೊಲದ ಪೈರನ್ನು ನೋಡಿ ಯಾರೂ ಎದೆಗುಂದದಿರಲಿ.